ಟ್ಯಾಂಕರ್ ಉರುಳಿದಾಗ ಓದಬೇಕಾದ ನಾಲ್ಕು ಅಂಕಿ: ಇಆರ್‌ಜಿ ಕೈಪಿಡಿ ಬಳಸುವ ಬಗೆ

ಶಿರಾಡಿ ಘಾಟಿಯಲ್ಲೋ ರಾಷ್ಟ್ರೀಯ ಹೆದ್ದಾರಿ 66ರಲ್ಲೋ ಓಡಾಡುವವರಿಗೆ ಬುಲೆಟ್ ಟ್ಯಾಂಕರ್ ಹೊಸತಲ್ಲ. ಓವರ್‌ಟೇಕ್ ಮಾಡಲು ಜಾಗ ಸಿಗದೆ ಅದರ ಬೆನ್ನು ನೋಡುತ್ತಲೇ ಘಾಟಿ ಇಳಿದಿರುತ್ತೇವೆ. ಆ ಬೆನ್ನಿನ ಮೇಲೆ ಒಂದು ಚೌಕಟ್ಟಿದೆ, ಚೌಕಟ್ಟಿನೊಳಗೆ 1075 ಎಂದು ಬರೆದಿದೆ. ಅದನ್ನು ಗಾಡಿಯ ಕಂಪನಿ ನಂಬರ್ ಎಂದುಕೊಂಡವರೇ ಹೆಚ್ಚು. ಅದು ಒಳಗಿರುವ ವಸ್ತುವಿನ ನಂಬರ್. 1075 ಎಂದರೆ ಎಲ್‌ಪಿಜಿ, 1203 ಎಂದರೆ ಪೆಟ್ರೋಲ್, 1017 ಎಂದರೆ ಕ್ಲೋರಿನ್. ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಈ ಯುಎನ್ ಸಂಖ್ಯೆ ಮಂಗಳೂರಿನಲ್ಲೂ ಅದೇ, ಮೆಕ್ಸಿಕೋದಲ್ಲೂ ಅದೇ.

2012ರ ಆಗಸ್ಟ್‌ನಲ್ಲಿ ಕಣ್ಣೂರು ಬಳಿಯ ಚಾಲದಲ್ಲಿ, ಮರುವರ್ಷ ಏಪ್ರಿಲ್‌ನಲ್ಲಿ ನಮ್ಮ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡದ್ದು ಕರಾವಳಿಯವರಿಗೆ ಇನ್ನೂ ನೆನಪಿದೆ. ರಸ್ತೆ ಬದಿಯ ಮನೆಗಳಿಗೇ ಬೆಂಕಿ ತಲುಪಿತ್ತು. ಅಂಥ ಹೊತ್ತಿನಲ್ಲಿ ಅಗ್ನಿಶಾಮಕ ದಳ ಬರುವವರೆಗೆ ಸ್ಥಳದಲ್ಲಿರುವವರು ಯಾರು? ಪಕ್ಕದ ಅಂಗಡಿಯವರು, ಆಟೋದವರು, ಪಂಚಾಯಿತಿ ಸದಸ್ಯರು, ಬೀಟ್ ಪೊಲೀಸರು. ಈ ಲೇಖನ ಅವರಿಗಾಗಿ. ಸಣ್ಣ ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ಸುರಕ್ಷತೆಯ ಹೊಣೆ ತಲೆ ಮೇಲೆ ಬಿದ್ದವರಿಗೂ ಉಪಯೋಗಕ್ಕೆ ಬರಬಹುದು.

ಯಾವ ಪುಸ್ತಕ ಇದು

ಹೆಸರು 'ಎಮರ್ಜೆನ್ಸಿ ರೆಸ್ಪಾನ್ಸ್ ಗೈಡ್‌ಬುಕ್'. ಈ ಕ್ಷೇತ್ರದವರ ಬಾಯಲ್ಲಿ ಇಆರ್‌ಜಿ. ಅಮೆರಿಕ, ಕೆನಡಾ, ಮೆಕ್ಸಿಕೋಗಳ ಸಾರಿಗೆ ಇಲಾಖೆಗಳು ಸೇರಿ ನಾಲ್ಕು ವರ್ಷಕ್ಕೊಮ್ಮೆ ಹೊರತರುತ್ತವೆ. 2020ರ ನಂತರ 2024ರ ಆವೃತ್ತಿ ಬಂದಿದೆ. ಪಿಡಿಎಫ್ ಉಚಿತ, ಮೊಬೈಲ್ ಆ್ಯಪ್ ಕೂಡ ಉಚಿತ. ಪುಸ್ತಕ ಇಂಗ್ಲಿಷಿನಲ್ಲಿದೆ ಎಂದು ಹಿಂಜರಿಯಬೇಡಿ. ಅಂಕಿ ಮತ್ತು ಬಣ್ಣ ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಬಣ್ಣಗಳೇ ಅಧ್ಯಾಯಗಳು. ಹಳದಿ ಪುಟಗಳಲ್ಲಿ ವಸ್ತುಗಳು ಯುಎನ್ ಸಂಖ್ಯೆಯ ಕ್ರಮದಲ್ಲಿವೆ. ನೀಲಿಯಲ್ಲಿ ಅವೇ ವಸ್ತುಗಳು ಹೆಸರಿನ ಅಕಾರಾದಿಯಲ್ಲಿ. ಕಿತ್ತಳೆ ಪುಟಗಳಲ್ಲಿ ಏನು ಅಪಾಯ, ಏನು ಮಾಡಬೇಕು ಎಂಬ ಮಾರ್ಗಸೂಚಿಗಳು. ಹಸಿರಿನಲ್ಲಿ, ಉಸಿರಾಡಿದರೆ ವಿಷವಾಗುವ ವಸ್ತುಗಳಿಗೆ ಎಷ್ಟು ದೂರದವರೆಗೆ ಜನರನ್ನು ತೆರವುಗೊಳಿಸಬೇಕೆಂಬ ಕೋಷ್ಟಕಗಳು. ಬಿಳಿ ಪುಟಗಳಲ್ಲಿ ಬಳಸುವ ಕ್ರಮ, ಫಲಕಗಳ ಚಿತ್ರ, ಟ್ಯಾಂಕರ್‌ಗಳ ಆಕಾರ ಇತ್ಯಾದಿ. ಪಂಚಾಂಗ ನೋಡಿ ರೂಢಿಯಿರುವವರಿಗೆ ಯಾವ ಪುಟದಲ್ಲಿ ಏನಿದೆ ಎಂದು ಕೈಗೇ ಗೊತ್ತಿರುತ್ತದಲ್ಲ, ಇಲ್ಲೂ ಅಷ್ಟೇ ಬೇಕಾದದ್ದು.

ಒಂದು ಮಿತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಸಾಗಣೆಯಲ್ಲಿನ ಅಪಘಾತಕ್ಕೆಂದು, ಅದರಲ್ಲೂ ಮೊದಲ ಹಂತಕ್ಕೆಂದು ಬರೆದ ಪುಸ್ತಕ. ಟ್ಯಾಂಕರ್ ಮೇಲೆತ್ತುವುದು ಹೇಗೆ, ವಾಲ್ವ್ ಮುಚ್ಚುವುದು ಹೇಗೆ ಎಂದು ಇದು ಕಲಿಸುವುದಿಲ್ಲ. ನಮ್ಮಂಥವರು ಇದರಿಂದ ತಿಳಿಯಬೇಕಾದ್ದು ಮುಖ್ಯವಾಗಿ ಒಂದೇ: ಎಷ್ಟು ದೂರ ನಿಲ್ಲಬೇಕು, ಉಳಿದವರನ್ನು ಎಷ್ಟು ದೂರ ನಿಲ್ಲಿಸಬೇಕು.

ಪುಸ್ತಕಕ್ಕಿಂತ ಮೊದಲು, ನಿಲ್ಲುವ ಜಾಗ

ನಂಬರ್ ಓದಲೆಂದು ಟ್ಯಾಂಕರ್ ಹತ್ತಿರ ಓಡಬೇಡಿ. ಮೊದಲು ಗಾಳಿ ನೋಡಿ. ಬಾವುಟ, ಅಡಿಕೆ ಮರದ ಗರಿ, ಒಲೆಯ ಹೊಗೆ, ಯಾವುದಾದರೂ ಸರಿ. ಗಾಳಿ ಎಲ್ಲಿಂದ ಬೀಸುತ್ತಿದೆಯೋ ಆ ಕಡೆಗೆ ಹೋಗಿ. ಟ್ಯಾಂಕರ್ ಕಡೆ ಮುಖ ಮಾಡಿ ನಿಂತರೆ ಗಾಳಿ ನಿಮ್ಮ ಬೆನ್ನಿಗೆ ಬಡಿಯುತ್ತಿರಬೇಕು. ಜೊತೆಗೆ ಎತ್ತರದ ಜಾಗ ಇರಲಿ. ಎಲ್‌ಪಿಜಿ, ಕ್ಲೋರಿನ್, ಪೆಟ್ರೋಲಿನ ಆವಿ ಇವೆಲ್ಲ ಗಾಳಿಗಿಂತ ಭಾರ. ತಗ್ಗು, ಚರಂಡಿ, ಮೋರಿ, ಬಾವಿ ಹುಡುಕಿಕೊಂಡು ಹರಿಯುತ್ತವೆ. ರಸ್ತೆಯ ಕೆಳಗಿನ ತೋಟದಲ್ಲಿ ನಿಂತು ವಿಡಿಯೊ ಮಾಡುತ್ತಿರುವವನೇ ಎಲ್ಲರಿಗಿಂತ ಕೆಟ್ಟ ಜಾಗದಲ್ಲಿರುತ್ತಾನೆ.

ನಂಬರ್ ಓದಲು ಮೊಬೈಲ್ ಕ್ಯಾಮೆರಾದ ಝೂಮ್ ಸಾಕಾಗುತ್ತದೆ, ಅದೂ ದೂರದಿಂದ. ವಾಸನೆ ಹಿಡಿದು ಗುರುತಿಸುವ ಚಪಲ ಬೇಡ. ವಾಸನೆ ಬಂತೆಂದರೆ ಆಗಲೇ ನೀವು ಹತ್ತಿರ ಬಂದಿದ್ದೀರಿ.

ಅಂಕಿ ಎಲ್ಲಿರುತ್ತದೆ

ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 134ನೇ ನಿಯಮದ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ವಾಹನಕ್ಕೆ ತುರ್ತು ಮಾಹಿತಿ ಫಲಕ ಇರಲೇಬೇಕು. ಎರಡು ಪಕ್ಕಗಳಲ್ಲಿ ಮತ್ತು ಹಿಂಬದಿಯಲ್ಲಿ ಅದನ್ನು ಹುಡುಕಿ. ವಸ್ತುವಿನ ಹೆಸರು, ಯುಎನ್ ಸಂಖ್ಯೆ, ವಜ್ರಾಕಾರದ ಅಪಾಯದ ಚಿಹ್ನೆ, ತುರ್ತು ದೂರವಾಣಿ ಸಂಖ್ಯೆ ಎಲ್ಲ ಅದರಲ್ಲಿರುತ್ತವೆ. ಕೆಸರು, ತುಕ್ಕು, ಉಜ್ಜಿಹೋದ ಬಣ್ಣದಲ್ಲಿ ಅಂಕಿ ಅರ್ಧ ಮಾಸಿರುವುದು ಸಾಮಾನ್ಯ. ಆಗ ಇನ್ನೊಂದು ಪಕ್ಕದ ಫಲಕ ನೋಡಿ.

ಅದೇ ಫಲಕದಲ್ಲಿ 3ವೈಇ ಥರದ ಒಂದು ಸಂಕೇತವೂ ಕಾಣುತ್ತದೆ. ಅದು ಹ್ಯಾಜ್‌ಕೆಮ್ ಕೋಡ್, ಬ್ರಿಟನ್ ಕಡೆಯಿಂದ ಬಂದದ್ದು. ಇಆರ್‌ಜಿಯಲ್ಲಿ ಇದನ್ನು ಹುಡುಕಲು ಹೋಗಬೇಡಿ. ಮೊದಲ ಅಂಕಿ ಬೆಂಕಿಗೆ ಏನು ಬಳಸಬೇಕೆಂದು ಹೇಳುತ್ತದೆ: 2 ಎಂದರೆ ಸಣ್ಣ ಹನಿಯ ನೀರಿನ ತುಂತುರು, 3 ಎಂದರೆ ನೊರೆ, 4 ಎಂದರೆ ನೀರು ತಾಗಿಸದೆ ಒಣ ಪುಡಿ. ನಡುವಿನ ಅಕ್ಷರ ಅಗ್ನಿಶಾಮಕ ಸಿಬ್ಬಂದಿ ತೊಡಬೇಕಾದ ಉಡುಪಿಗೆ, ಸೋರಿದ್ದನ್ನು ತಡೆಯಬೇಕೋ ನೀರು ಸೇರಿಸಿ ತೆಳುಗೊಳಿಸಬೇಕೋ ಎಂಬುದಕ್ಕೆ ಸಂಬಂಧಿಸಿದ್ದು. ಸಾಮಾನ್ಯರಿಗೆ ಬೇಕಾದ್ದು ಕೊನೆಯ 'ಇ'. ಅದು ಇದ್ದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ಯೋಚನೆ ಮಾಡಲೇಬೇಕು.

ಚಾಲಕರು ಸುರಕ್ಷಿತವಾಗಿ ಹೊರಬಂದಿದ್ದರೆ ಅವರನ್ನು ಕೇಳಿ. ಕ್ಯಾಬಿನ್‌ನಲ್ಲಿ ಟ್ರೆಮ್ ಕಾರ್ಡ್ ಎಂಬ ಸಾಗಣೆ ತುರ್ತು ಕಾರ್ಡ್ ಇಟ್ಟಿರಬೇಕೆಂಬ ನಿಯಮವಿದೆ, ಸರಕಿನ ವಿವರ ಅದರಲ್ಲಿರುತ್ತದೆ. ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು ಹೊರಬಂದಿದ್ದರೆ ಅದೃಷ್ಟ. ಕಾರ್ಡ್ ತರಲೆಂದು ಯಾರನ್ನೂ ಮತ್ತೆ ಕ್ಯಾಬಿನ್‌ಗೆ ಹತ್ತಿಸಬೇಡಿ.

ಹಳದಿಯಿಂದ ಕಿತ್ತಳೆಗೆ

ಸಂಖ್ಯೆ ಸಿಕ್ಕಿತು. ಹಳದಿ ಪುಟ ತೆರೆದು ಅದನ್ನು ಹುಡುಕಿ. ಪಕ್ಕದಲ್ಲಿ ಮೂರು ಅಂಕಿಯ ಮಾರ್ಗಸೂಚಿ ಸಂಖ್ಯೆ ಇರುತ್ತದೆ, ಅದರ ಪಕ್ಕ ವಸ್ತುವಿನ ಹೆಸರು. 1075ರ ಎದುರು 115, 1203ರ ಎದುರು 128. ಡೀಸೆಲ್‌ನ 1202ಕ್ಕೂ 128ನೇ ಮಾರ್ಗಸೂಚಿಯೇ. ಹಾಗಾಗಿ ಪೆಟ್ರೋಲ್, ಡೀಸೆಲ್ ಎರಡನ್ನೂ ಬೇರೆ ಬೇರೆ ಕಂಪಾರ್ಟ್‌ಮೆಂಟ್‌ನಲ್ಲಿ ಹೊತ್ತ ಟ್ಯಾಂಕರ್ ಆದರೂ ತೊಂದರೆಯಿಲ್ಲ.

ಇಲ್ಲಿ ಅವಸರ ಮಾಡಿದರೆ ಎಡವಟ್ಟಾಗುತ್ತದೆ. 1830 ಸಲ್ಫ್ಯೂರಿಕ್ ಆಸಿಡ್, 1831 ಓಲಿಯಂ. ಒಂದೇ ಅಂಕಿ ವ್ಯತ್ಯಾಸ, ಎರಡಕ್ಕೂ ಮಾರ್ಗಸೂಚಿ 137. ಆದರೆ ಓಲಿಯಂ ಹೊಗೆಯಾಡುವ ಆಸಿಡ್. ಅದರ ಸಾಲಿಗೆ ಹಸಿರು ಬಣ್ಣ ಬಳಿದಿರುತ್ತದೆ, ಎಂದರೆ ಅದರ ಹೊಗೆ ದೂರದವರನ್ನೂ ಕಾಡಬಲ್ಲದು. ಅಮೋನಿಯಾದ ಕಥೆಯೂ ಹೀಗೆಯೇ. ಒತ್ತಡದಲ್ಲಿ ತುಂಬಿದ ಶುದ್ಧ ಅಮೋನಿಯಾ 1005, ಮಾರ್ಗಸೂಚಿ 125. ನೀರಿನಲ್ಲಿ ಕರಗಿದ, ಕಡಿಮೆ ಪ್ರಮಾಣದ ಅಮೋನಿಯಾ ದ್ರಾವಣ 2672, ಮಾರ್ಗಸೂಚಿ 154. "ಅಮೋನಿಯಾ ಗಾಡಿ ಸಾರ್" ಎಂದು ಯಾರೋ ಹೇಳಿದ್ದನ್ನು ನಂಬಿ ಪುಟ ತೆರೆದರೆ ಬೇರೆಯೇ ವಸ್ತುವಿನ ಸಲಹೆ ಓದುತ್ತಿರುತ್ತೀರಿ. ಅದಕ್ಕೇ ಹೆಸರಿಗಿಂತ ಸಂಖ್ಯೆ ಮೇಲು. ಹೆಸರು ಮಾತ್ರ ಸಿಕ್ಕಿದ್ದರೆ ನೀಲಿ ಪುಟದಲ್ಲಿ ಸ್ಪೆಲಿಂಗ್ ಅಕ್ಷರಕ್ಷರ ನೋಡಿ: ಸಲ್ಫ್ಯೂರಿಕ್ ಆಸಿಡ್ ಬೇರೆ, ಸಲ್ಫ್ಯೂರಸ್ ಆಸಿಡ್ ಬೇರೆ, ಮಾರ್ಗಸೂಚಿಗಳೂ ಬೇರೆ.

ಕೆಲವು ಮಾರ್ಗಸೂಚಿ ಸಂಖ್ಯೆಗಳ ಕೊನೆಗೆ 'ಪಿ' ಅಕ್ಷರ ಅಂಟಿಕೊಂಡಿರುತ್ತದೆ. ಬಿಸಿಯಾದರೆ ಅಥವಾ ಬೇರೇನಾದರೂ ಬೆರೆತರೆ ವಸ್ತು ತನ್ನಷ್ಟಕ್ಕೇ ಪಾಲಿಮರ್ ಆಗುತ್ತಾ ಶಾಖ ಉಗುಳಿ ಟ್ಯಾಂಕ್ ಒಡೆಯಬಹುದು ಎಂಬ ಎಚ್ಚರಿಕೆ ಅದು. 2055, ಸ್ಟೈರಿನ್, 128ಪಿ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಕಾರ್ಖಾನೆಯ ಟ್ಯಾಂಕ್‌ನಿಂದ ಹೊರಬಂದು ಊರಿನ ಮೇಲೆ ಕವಿದದ್ದು ಇದೇ ಸ್ಟೈರಿನ್ ಆವಿ.

115ನ್ನು ಬಿಡಿಸಿ ಓದೋಣ

ಕಿತ್ತಳೆ ಬಣ್ಣದ ಪ್ರತಿ ಮಾರ್ಗಸೂಚಿಗೂ ಎದುರುಬದುರಿನ ಎರಡು ಪುಟ, ಅವುಗಳಲ್ಲಿ ಮೂರು ಭಾಗ: ಸಂಭವನೀಯ ಅಪಾಯ, ಸಾರ್ವಜನಿಕ ಸುರಕ್ಷತೆ, ತುರ್ತು ಕ್ರಮ. ಮೊದಲ ಭಾಗದಲ್ಲಿ ಬೆಂಕಿಯ ಅಪಾಯ ಮೇಲಿದೆಯೋ ಆರೋಗ್ಯದ ಅಪಾಯ ಮೇಲಿದೆಯೋ ಗಮನಿಸಿ. ಯಾವುದು ಮೇಲಿದೆಯೋ ಅದೇ ದೊಡ್ಡ ಅಪಾಯ. 115ರಲ್ಲಿ ಬೆಂಕಿ ಮೇಲಿದೆ, ಅಮೋನಿಯಾದ 125ರಲ್ಲಿ ಆರೋಗ್ಯ ಮೇಲಿದೆ. ಪುಟದ ಉಳಿದದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೂ ಇಷ್ಟು ತಿಳಿದರೆ ಬೀಡಿ ಆರಿಸಿ ಎಂದು ಕೂಗಬೇಕೋ ಮೂಗು ಮುಚ್ಚಿಕೊಂಡು ಓಡಿ ಎಂದು ಕೂಗಬೇಕೋ ಗೊತ್ತಾಗುತ್ತದೆ.

ಈಗ ನಾಲ್ಕು ಹಾದಿ ಕೂಡುವಲ್ಲಿ ಎಲ್‌ಪಿಜಿ ಟ್ಯಾಂಕರ್ ಉರುಳಿದೆ, ಬುಸ್ಸೆನ್ನುವ ಸದ್ದು ಕೇಳುತ್ತಿದೆ, ಬೆಂಕಿ ಇಲ್ಲ ಎಂದುಕೊಳ್ಳಿ. 115 ಹೇಳುವುದು: ಎಲ್ಲ ದಿಕ್ಕಿನಲ್ಲೂ ಕನಿಷ್ಠ 100 ಮೀಟರ್ ಯಾರೂ ಇರಬಾರದು. ಸೋರಿಕೆ ದೊಡ್ಡದಾದರೆ ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ ಕನಿಷ್ಠ 800 ಮೀಟರ್‌ವರೆಗೆ ಜನರನ್ನು ತೆರವುಗೊಳಿಸುವ ಯೋಚನೆ ಮಾಡಬೇಕು. ಟ್ಯಾಂಕ್‌ಗೆ ಬೆಂಕಿ ತಗುಲಿದ್ದರೆ ಎಲ್ಲ ದಿಕ್ಕಿಗೂ 1600 ಮೀಟರ್.

1600 ಮೀಟರ್ ಎಂದರೆ ಒಂದೂವರೆ ಕಿಲೋಮೀಟರ್‌ಗೂ ಹೆಚ್ಚು. ಒಂದು ಸಣ್ಣ ಪೇಟೆ ಪೂರ್ತಿ ಅದರೊಳಗೆ ಬರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಹಗ್ಗ ಕಟ್ಟಿ ಜನರನ್ನು ನಿಲ್ಲಿಸುವ ದೂರ ಇದರ ಹತ್ತರಲ್ಲೊಂದು ಪಾಲೂ ಇರುವುದಿಲ್ಲ. 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರದ ಅಜ್ಮೇರ್ ರಸ್ತೆಯಲ್ಲಿ ಟ್ರಕ್ ಗುದ್ದಿ ಎಲ್‌ಪಿಜಿ ಟ್ಯಾಂಕರ್ ಸೋರಿದಾಗ ಅನಿಲ ಮೊದಲು ರಸ್ತೆಯುದ್ದಕ್ಕೂ ಹರಡಿತು, ಆಮೇಲೆ ಹೊತ್ತಿಕೊಂಡಿತು. ಟ್ಯಾಂಕರ್‌ಗೆ ತಾಗದೆ ದೂರದಲ್ಲಿ ನಿಂತಿದ್ದ ಬಸ್ಸು, ಲಾರಿ, ಕಾರುಗಳೆಲ್ಲ ಆ ಮೋಡದೊಳಗೆ ಸಿಕ್ಕಿಕೊಂಡಿದ್ದವು. ಕಣ್ಣಿಗೆ ಕಾಣುವ ಬಿಳಿ ಮಂಜಿನ ಅಂಚೇ ಅನಿಲದ ಅಂಚು ಎಂದುಕೊಳ್ಳಬಾರದು. ಆ ಮಂಜು ತಣ್ಣಗಾದ ಗಾಳಿಯ ತೇವ. ಹೊತ್ತಿಕೊಳ್ಳಬಲ್ಲ ಅನಿಲ ಅದರಾಚೆಗೂ ಹೋಗಿರಬಹುದು. ಆದ್ದರಿಂದ ವಾಹನ ಸ್ಟಾರ್ಟ್ ಮಾಡಬೇಡಿ, ಮಾಡಲು ಬಿಡಬೇಡಿ. ಅನಿಲ ಸುತ್ತುವರಿದಿದ್ದರೆ ಇಳಿದು ನಡೆದೇ ಹೋಗಿ, ಗಾಳಿಗೆ ಅಡ್ಡಲಾಗಿ. ಮನೆಯ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ.

ತುರ್ತು ಕ್ರಮದ ಭಾಗ ಅಗ್ನಿಶಾಮಕದವರಿಗೆ. ಆದರೆ ಅದರಲ್ಲಿನ ಎರಡು ಮಾತು ಎಲ್ಲರಿಗೂ ಗೊತ್ತಿರಲಿ. ಒಂದು, ಸೋರಿಕೆ ನಿಲ್ಲಿಸಲು ಆಗದಿದ್ದರೆ ಉರಿಯುತ್ತಿರುವ ಅನಿಲದ ಬೆಂಕಿಯನ್ನು ಆರಿಸಬಾರದು. ವಿಚಿತ್ರ ಅನ್ನಿಸಬಹುದು, ಆದರೆ ಉರಿಯುವ ಅನಿಲ ಅಲ್ಲಿಯೇ ಖರ್ಚಾಗುತ್ತಿರುತ್ತದೆ; ಆರಿಸಿದರೆ ಹರಡಿ, ಬೇರೆಲ್ಲೋ ಕಿಡಿ ಸಿಕ್ಕಾಗ ಒಮ್ಮೆಲೇ ಸ್ಫೋಟಿಸುತ್ತದೆ. ಎರಡು, ಸೇಫ್ಟಿ ವಾಲ್ವ್‌ನ ಸದ್ದು ಏರುತ್ತಾ ಹೋದರೆ ಅಥವಾ ಟ್ಯಾಂಕ್‌ನ ಮೈಬಣ್ಣ ಬದಲಾದರೆ ಎಲ್ಲರೂ ತಕ್ಷಣ ಹಿಂದೆ ಸರಿಯಬೇಕು. ಟ್ಯಾಂಕ್ ಇಡಿಯಾಗಿ ಒಡೆದು ಬೆಂಕಿಯುಂಡೆ ಏಳುವ ಮುನ್ಸೂಚನೆ ಇದು, ಬ್ಲೆವಿ ಎನ್ನುತ್ತಾರೆ. ಉರುಟು ಟ್ಯಾಂಕ್‌ನ ಎರಡು ತುದಿಗಳ ನೇರಕ್ಕಂತೂ ಯಾವತ್ತೂ ನಿಲ್ಲಬಾರದು.

ಪೆಟ್ರೋಲಿನ 128ರಲ್ಲಿ ದೂರಗಳು ಕಡಿಮೆ: ಸೋರಿಕೆಗೆ ಸುತ್ತ 50 ಮೀಟರ್, ದೊಡ್ಡದಾದರೆ ಗಾಳಿ ಹೋಗುವ ಕಡೆ 300 ಮೀಟರ್, ಟ್ಯಾಂಕರ್ ಉರಿಯುತ್ತಿದ್ದರೆ ಸುತ್ತ 800 ಮೀಟರ್. ಕಡಿಮೆ ಎಂದು ಕೊಡ, ಕ್ಯಾನ್ ಹಿಡಿದು ಹೋಗುವವರಿಗೆ ಒಂದು ಮಾತು. 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲ್‌ಪುರ ಬಳಿ ಉರುಳಿದ ಟ್ಯಾಂಕರ್‌ನಿಂದ ಹೀಗೆಯೇ ಪೆಟ್ರೋಲ್ ತುಂಬಿಕೊಳ್ಳಲು ಹೋದವರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ನಮ್ಮ ಹೆದ್ದಾರಿಗಳಲ್ಲೂ ಈ ಚಾಳಿ ಇದೆ, ನೋಡಿದವರಿಗೆ ಗೊತ್ತು.

ಸಾಲಿಗೆ ಹಸಿರು ಬಳಿದಿದ್ದರೆ

ಹಳದಿ ಅಥವಾ ನೀಲಿ ಪುಟದಲ್ಲಿ ವಸ್ತುವಿನ ಸಾಲಿಗೆ ಹಸಿರು ಬಣ್ಣವಿದ್ದು, ಬೆಂಕಿ ಇಲ್ಲದಿದ್ದರೆ ಹಸಿರು ಪುಟಗಳ ಮೊದಲ ಕೋಷ್ಟಕಕ್ಕೆ ಹೋಗಿ. ಬೆಂಕಿ ಇದ್ದರೆ ಕಿತ್ತಳೆ ಪುಟದ ದೂರಗಳೇ ಅನ್ವಯ.

ಕೋಷ್ಟಕದಲ್ಲಿ ಸಣ್ಣ ಸೋರಿಕೆ, ದೊಡ್ಡ ಸೋರಿಕೆ ಎಂದು ವಿಂಗಡಣೆ ಇದೆ. 208 ಲೀಟರ್‌ವರೆಗೆ ಸಣ್ಣದು. ಹೆಚ್ಚುಕಡಿಮೆ ಒಂದು ದೊಡ್ಡ ಬ್ಯಾರಲ್‌ನಷ್ಟು. ಮುಂದೆ ಹಗಲಿಗೊಂದು ದೂರ, ರಾತ್ರಿಗೊಂದು ದೂರ. ಅಮೋನಿಯಾದ ಸಣ್ಣ ಸೋರಿಕೆಗೆ ಸುತ್ತ 30 ಮೀಟರ್ ಖಾಲಿ ಮಾಡಿ, ಗಾಳಿ ಹೋಗುವ ಕಡೆ ಹಗಲಾದರೆ 100 ಮೀಟರ್, ರಾತ್ರಿಯಾದರೆ 200 ಮೀಟರ್ ಜನರನ್ನು ಕಾಪಾಡಿ ಎನ್ನುತ್ತದೆ. ರಾತ್ರಿ ಯಾಕೆ ಹೆಚ್ಚು? ಹಗಲು ಬಿಸಿಲಿಗೆ ನೆಲ ಕಾದು ಗಾಳಿ ಮೇಲೆ ಕೆಳಗೆ ಕದಡುತ್ತಿರುತ್ತದೆ, ಅನಿಲ ಬೇಗ ತೆಳುವಾಗುತ್ತದೆ. ರಾತ್ರಿಯ ತಣ್ಣನೆಯ ನಿಶ್ಚಲ ಗಾಳಿಯಲ್ಲಿ ಅದು ಚದುರದೆ ನೆಲ ಹಿಡಿದು ಸಾಗುತ್ತದೆ. ಭೋಪಾಲದ ಅನಿಲ ಹರಡಿದ್ದೂ 1984ರ ಡಿಸೆಂಬರ್‌ನ ಅಂಥದೊಂದು ರಾತ್ರಿಯಲ್ಲೇ.

ಅಮೋನಿಯಾ, ಕ್ಲೋರಿನ್ ಸೇರಿ ಆರು ಅನಿಲಗಳ ದೊಡ್ಡ ಸೋರಿಕೆಗೆ ಮೂರನೆಯ ಕೋಷ್ಟಕ ನೋಡಬೇಕು. ಅಲ್ಲಿ ಪಾತ್ರೆಯ ಬಗೆ ಮತ್ತು ಗಾಳಿಯ ವೇಗದ ಮೇಲೆ ದೂರ ಬದಲಾಗುತ್ತದೆ. ನಗರದ ನೀರು ಶುದ್ಧೀಕರಣ ಘಟಕಗಳಲ್ಲಿ ಮಲಗಿಸಿಟ್ಟ 'ಟನ್ನರ್' ಎಂಬ 900 ಕೆ.ಜಿ. ಕ್ಲೋರಿನ್ ಸಿಲಿಂಡರ್ ನೋಡಿರುತ್ತೀರಿ. ಟನ್ ಸಿಲಿಂಡರ್‌ಗೆಂದೇ ಆ ಕೋಷ್ಟಕದಲ್ಲಿ ಸಾಲು ಇದೆ. ನೀರು ಸರಬರಾಜಿನಲ್ಲಿ ಕೆಲಸ ಮಾಡುವವರು ಆ ಪುಟವನ್ನು ಇಂದೇ ಪ್ರಿಂಟ್ ತೆಗೆದು ಗೋಡೆಗೆ ಹಚ್ಚಲಿ. ಮಲ್ಪೆಯಂಥ ಕಡೆ ಐಸ್ ಪ್ಲಾಂಟ್ ನಡೆಸುವವರಿಗೂ ಅಮೋನಿಯಾದ ಸಾಲಿನ ಬಗ್ಗೆ ಇದೇ ಮಾತು.

ಈ ದೂರಗಳು ಮೊದಲ ಅರ್ಧ ಗಂಟೆಯಲ್ಲಿ ಬಾಧಿತವಾಗಬಹುದಾದ ಜಾಗದ ಲೆಕ್ಕ. ಸೋರಿಕೆ ಅದಕ್ಕೂ ಮೀರಿ ಮುಂದುವರಿದರೆ ತಜ್ಞರ ಮಾತು ಕೇಳಬೇಕೇ ಹೊರತು ಕೋಷ್ಟಕಕ್ಕೆ ಅಂಟಿಕೂರಬಾರದು. ಇನ್ನೊಂದು ತಪ್ಪು ತಿಳಿವಳಿಕೆ: ಹಸಿರು ಇಲ್ಲದಿದ್ದರೆ ವಿಷವಲ್ಲ ಎಂಬುದು. ಸ್ಟೈರಿನ್ ಸಾಲಿಗೆ ಹಸಿರಿಲ್ಲ. ಆದರೂ ವಿಶಾಖಪಟ್ಟಣದಲ್ಲಿ ಜನ ಸತ್ತರು.

ತೆರವು ಮಾಡುವಷ್ಟು ಸಮಯ ಇಲ್ಲದಿದ್ದರೆ ಮನೆಯೊಳಗೇ ಕಿಟಕಿ, ಬಾಗಿಲು ಮುಚ್ಚಿ, ಫ್ಯಾನ್, ಎಸಿ ನಿಲ್ಲಿಸಿ ಇರುವುದು ಇನ್ನೊಂದು ದಾರಿ. ಇದು ವಿಷಾನಿಲ ಸ್ವಲ್ಪ ಹೊತ್ತಿನಲ್ಲಿ ದಾಟಿಹೋಗುವಂತಿದ್ದರೆ ಮಾತ್ರ. ಹೊತ್ತಿಕೊಳ್ಳುವ ಅನಿಲಕ್ಕೆ ಈ ಉಪಾಯ ಸಲ್ಲದು. ಗಾಳಿ ಒಳನುಗ್ಗದಂತೆ ಮುಚ್ಚಲಾಗದ ಕಟ್ಟಡಕ್ಕೂ ಸಲ್ಲದು. ಸಂದಿಗಳಿರುವ ನಮ್ಮ ಹಂಚಿನ ಮನೆಗಳು ಈ ಲೆಕ್ಕಕ್ಕೆ ಬರುತ್ತವೆ. ಅಂಥಲ್ಲಿ ಸಮೀಪದ ಆರ್‌ಸಿಸಿ ಕಟ್ಟಡ ಯಾವುದೆಂದು ಮೊದಲೇ ಗೊತ್ತಿರಲಿ.

ಅಂಕಿಯೇ ಕಾಣದಿದ್ದರೆ

ವಜ್ರಾಕಾರದ ಚಿಹ್ನೆಯ ಬಣ್ಣವಾದರೂ ಕಾಣಬಹುದು. ಕೆಂಪು ಎಂದರೆ ಹೊತ್ತಿಕೊಳ್ಳುವುದು, ಹಳದಿ ಎಂದರೆ ಬೆಂಕಿಗೆ ಆಮ್ಲಜನಕ ಒದಗಿಸುವುದು, ನೀಲಿ ಎಂದರೆ ನೀರು ತಾಗಿದರೆ ಅಪಾಯ, ಬಿಳಿಯಲ್ಲಿ ತಲೆಬುರುಡೆ ಎಂದರೆ ವಿಷ, ಮೇಲೆ ಬಿಳಿ ಕೆಳಗೆ ಕಪ್ಪು ಎಂದರೆ ಮೈ ಸುಡುವ ಆಸಿಡ್ ಥರದ್ದು. ಬಿಳಿ ಪುಟಗಳಲ್ಲಿ ಈ ಚಿಹ್ನೆಗಳ ಚಿತ್ರದ ಪಕ್ಕದಲ್ಲೇ ಮಾರ್ಗಸೂಚಿ ಸಂಖ್ಯೆ ಕೊಟ್ಟಿದ್ದಾರೆ: ಹೊತ್ತಿಕೊಳ್ಳುವ ಅನಿಲಕ್ಕೆ 118, ಹೊತ್ತಿಕೊಳ್ಳುವ ದ್ರವಕ್ಕೆ 127. ಏನೂ ಕಾಣದಿದ್ದರೆ, ಹಲವು ಸರಕು ಬೆರೆತಿದ್ದರೆ ಮಾರ್ಗಸೂಚಿ 111. ಸುತ್ತ 100 ಮೀಟರ್ ಖಾಲಿ. ಪಾರ್ಸೆಲ್ ಲಾರಿಗಳಿಗೆ ಇದೇ ಗತಿ. ಏನೇನು ತುಂಬಿದೆ ಎಂದು ಬುಕಿಂಗ್ ಆಫೀಸಿನವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ.

ಕಾರ್ಖಾನೆಯ ಗೋಡೆ ಮೇಲೆ ಕಾಣುವ ನಾಲ್ಕು ಬಣ್ಣದ ಚೌಕ ಬೇರೆ ಪದ್ಧತಿ. ಅದರಲ್ಲಿ ನೀಲಿ ಆರೋಗ್ಯಕ್ಕೆ, ಕೆಂಪು ಬೆಂಕಿಗೆ, ಹಳದಿ ಅಸ್ಥಿರತೆಗೆ. 0ಯಿಂದ 4ರವರೆಗೆ ಅಂಕಿ ಏರಿದಷ್ಟೂ ಅಪಾಯ ಹೆಚ್ಚು. ಲಾರಿಯ ಚಿಹ್ನೆಯ ಬಣ್ಣಗಳ ಜೊತೆ ಇದನ್ನು ಕಲಸಿಕೊಳ್ಳಬೇಡಿ.

ಫೋನಿನಲ್ಲಿ ಹೇಳುವುದೇನು

112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಕರೆ ಮಾಡಲು ಪುಸ್ತಕ ತೆರೆಯುವವರೆಗೆ ಕಾಯಬೇಡಿ. ಮೊದಲ ಕರೆಯಲ್ಲಿ ಜಾಗ ಹೇಳಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಇದ್ದರೆ ಅದನ್ನೂ ಹೇಳಿ. ಎರಡನೆಯ ಕರೆಯಲ್ಲಿ ಈ ಕ್ರಮ ಇರಲಿ: ಯುಎನ್ ಸಂಖ್ಯೆ, ಒಂದೊಂದೇ ಅಂಕಿ ಬಿಡಿಸಿ, "ಒಂದು ಸೊನ್ನೆ ಏಳು ಐದು" ಎಂದು, ಬೆಂಕಿ ಇದೆಯೋ ಇಲ್ಲವೋ, ಸೋರುವ ಸದ್ದು ಅಥವಾ ಹೊಗೆ ಇದೆಯೋ, ಗಾಳಿ ಯಾವ ಊರ ಕಡೆ ಬೀಸುತ್ತಿದೆ, ಗಾಯಾಳುಗಳಿದ್ದಾರೋ. ಗಾಳಿಯ ದಿಕ್ಕು ಹೇಳಿದರೆ ವಾಹನ ಯಾವ ಕಡೆಯಿಂದ ಬರಬೇಕೆಂದು ಅವರಿಗೆ ಮೊದಲೇ ತಿಳಿಯುತ್ತದೆ. ಅಡುಗೆ ಅನಿಲದ ಸೋರಿಕೆಗೆ 1906 ಸಹಾಯವಾಣಿಯೂ ಇದೆ.

ಆಸಿಡ್‌ನಂಥದ್ದು ಮೈಮೇಲೆ ಬಿದ್ದವರು ಸುರಕ್ಷಿತ ಜಾಗಕ್ಕೆ ಬಂದಿದ್ದರೆ ನೆನೆದ ಬಟ್ಟೆ ಕಳಚಿಸಿ, ಹರಿಯುವ ನೀರಿನಲ್ಲಿ ಕನಿಷ್ಠ 30 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಳ್ಳಿ, ಯಾಕೆಂದರೆ ಉರಿ ಕಡಿಮೆಯಾಯಿತೆಂದು ಐದು ನಿಮಿಷಕ್ಕೇ ನಲ್ಲಿ ನಿಲ್ಲಿಸುತ್ತಾರೆ. ಆಂಬುಲೆನ್ಸ್‌ನವರಿಗೂ ಆ ನಾಲ್ಕು ಅಂಕಿ ಹೇಳಿ, ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ರೂಢಿಗೆ ಬೇರೆ ತರಬೇತಿ ಬೇಕಿಲ್ಲ. ಮುಂದಿನ ಸಲ ಬಸ್ಸಿನ ಕಿಟಕಿಯಲ್ಲಿ ಕೂತಾಗ ಟ್ಯಾಂಕರ್ ಕಂಡರೆ ನಂಬರ್ ಓದಿ, ಫೋನಿನ ಪಿಡಿಎಫ್‌ನಲ್ಲಿ ಹುಡುಕಿ, ಮಾರ್ಗಸೂಚಿ ತೆರೆದು ದೂರ ನೋಡಿ. ನಿಮ್ಮೂರಿನ ಮೇಲೆ ದಿನವೂ ಹಾದುಹೋಗುವ ನಂಬರ್‌ಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಅವನ್ನು ಬರೆದಿಟ್ಟುಕೊಂಡರೆ ಹಳದಿ ಪುಟ ಹುಡುಕುವ ಸಮಯವೂ ಉಳಿಯಿತು. ಪಿಡಿಎಫ್ ಅನ್ನು ಫೋನಿನಲ್ಲೇ ಸೇವ್ ಮಾಡಿಡಿ, ಘಾಟಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಳೆಯ ಆವೃತ್ತಿ ಇದ್ದರೆ ಬದಲಿಸಿ: ಯುಎನ್ ಸಂಖ್ಯೆ ಹಾಗೇ ಇದ್ದರೂ ಹಸಿರು ಪುಟದ ದೂರಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ.